ಶಾಕ್ ಹೊಡೆದ ಲ್ಯಾಪ್‌ಟಾಪ್, ಸೊಪ್ಪು ಮೇಯುವ ಸದ್ದು

ಹೈಸ್ಕೂಲಿನಲ್ಲಿ ವಿದ್ಯುತ್ತಿನ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವ ನಾನು, ನನ್ನ ಲ್ಯಾಪ್‌ಟಾಪಿನ ಮೈ ಮುಟ್ಟಿದಾಗಲೆಲ್ಲ ಬೆರಳು ಜುಮ್ಮೆನ್ನುತ್ತಿದ್ದುದನ್ನು ವಯಸ್ಸಿನ ತೊಂದರೆ ಎಂದುಕೊಂಡಿದ್ದೆ. ಅದಕ್ಕಾಗಿ ನರದ ಮಾತ್ರೆಯನ್ನೂ ನುಂಗಿದ್ದೆ.

ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ನಾನು ಓದಲು ಬರೆಯಲು ಕೂರುವುದು ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಕೋಣೆಯಲ್ಲಿ. ಹುಳುಗಳು ಹೋದರೂ ಅದರ ಹೆಸರು ಈಗಲೂ ಹುಳುಮನೆಯೇ. ಅಪ್ಪ ಬದುಕಿದ್ದಾಗ ಒಂದು ಬಲ್ಬಿಗೆಂದು ಎಳೆಸಿದ್ದ ವೈರಿಗೆ ನಾನು ಫ್ಯಾನು, ಮೊಬೈಲು, ಲ್ಯಾಪ್‌ಟಾಪು ಎಲ್ಲವನ್ನೂ ಗಂಟುಹಾಕಿದ್ದೆ. ಅರ್ತಿಂಗ್ ಎಂಬುದು ನನ್ನ ಪಾಠದಲ್ಲಿತ್ತು, ಗೋಡೆಯಲ್ಲಿ ಇರಲಿಲ್ಲ. ಒಂದು ಸಂಜೆ, ಹೋಗಿದ್ದ ಕರೆಂಟು ವಾಪಸು ಬಂತು. ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಬಂತು. ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು, ಫ್ಯಾನು ಹುಚ್ಚು ಹಿಡಿದಂತೆ ತಿರುಗಿತು, ಲ್ಯಾಪ್‌ಟಾಪಿನ ಮೇಲಿದ್ದ ಕೈಗೆ ಯಾರೋ ಗುದ್ದಿದಂತಾಯಿತು. ಟಪ್ಪೆಂದು ಸದ್ದು, ಕಪ್ಪಾದ ಪರದೆ, ಸುಟ್ಟ ವಾಸನೆ.

ಹೆಂಡತಿ ಸುಜಾತ ಓಡಿಬಂದಳು. ‘ಹೋಯ್ತು ಕಣೇ’ ಎಂದೆ. ಅವಳು ಮೊದಲು ನನ್ನ ಕೈ ಹಿಡಿದು ನಾಡಿ ನೋಡಿದಳು. ಹೋಗಿದ್ದು ನಾನಲ್ಲ, ಲ್ಯಾಪ್‌ಟಾಪ್ ಎಂದು ತಿಳಿದಾಗ ಅವಳ ಮುಖದಲ್ಲಿ ಕಂಡ ನಿರಾಳವನ್ನು ಪ್ರೀತಿ ಎಂದೇ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ.

ಮಾರನೆಯ ದಿನದಿಂದ ಚಿಕಿತ್ಸೆ. ಚಾರ್ಜರ್ ಬದಲಿಸಿದೆ. ಎಲ್ಲ ವೈರು ಕಿತ್ತು, ಪವರ್ ಬಟನ್ನನ್ನು ಬೆರಳು ನೋಯುವವರೆಗೆ ಒತ್ತಿ ಹಿಡಿದೆ. ಬ್ಯಾಟರಿ ಬಿಚ್ಚಿ ಮತ್ತೆ ಹಾಕಿದೆ. ಕಾಯಿಲೆಯವರನ್ನು ನೋಡಲು ಬರುವಂತೆ ಸಹೋದ್ಯೋಗಿಗಳು ಬಂದರು; ತಮ್ಮ ತಮ್ಮ ಮನೆಯಲ್ಲಿ ತೀರಿಕೊಂಡ ಟೀವಿ, ಫ್ರಿಜ್ಜುಗಳ ಕೊನೆಗಾಲವನ್ನು ವರ್ಣಿಸಿದರು. ಕನ್ನಡ ಮೇಷ್ಟ್ರು ಅಕ್ಕಿ ಡಬ್ಬದಲ್ಲಿ ಹೂತಿಡಲು ಹೇಳಿದರು. ನೀರಿಗೆ ಬಿದ್ದ ಮೊಬೈಲಿಗೆ ಮಾಡುವ ಉಪಚಾರವದು ಎಂದರೆ, ಶಾಕಿಗೂ ಆಗಬಹುದು, ನೋಡುವುದರಲ್ಲಿ ತಪ್ಪೇನು ಎಂದರು.

ಹೊಸದೊಂದನ್ನು ಕೊಂಡುಬಿಡಿ ಎಂದು ಸುಜಾತ ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಸುಟ್ಟುಹೋದದ್ದರೊಳಗೆ ನಮ್ಮ ಕೊನೆಯ ರೇಷ್ಮೆ ಬೆಳೆಯ ಸದ್ದಿತ್ತು. ಅಮ್ಮನ ಸೊಂಟ ಸೋತು, ಇನ್ನು ಹುಳು ಸಾಕುವುದು ಬೇಡವೆಂದು ತೀರ್ಮಾನವಾದ ವರ್ಷ, ಹುಳುಗಳು ಸೊಪ್ಪು ಮೇಯುವುದನ್ನು ನಾನು ರೆಕಾರ್ಡ್ ಮಾಡಿಟ್ಟಿದ್ದೆ. ಬೇರೆಲ್ಲೂ ನಕಲು ಇಟ್ಟಿರಲಿಲ್ಲ.

ಕೇಳದವರಿಗೆ ಆ ಸದ್ದನ್ನು ಹೇಗೆ ಹೇಳುವುದು? ಕೊನೆಯ ಜ್ವರ ಎದ್ದ ಹುಳುಗಳಿಗೆ, ಅಂದರೆ ಕಡೆಯ ಸಲ ಪೊರೆ ಬಿಟ್ಟವಕ್ಕೆ, ಹಸಿವೋ ಹಸಿವು. ಹಿಪ್ಪುನೇರಳೆ ಸೊಪ್ಪು ಹಾಸಿದ ತುಸು ಹೊತ್ತಿಗೆ ತಟ್ಟೆಗಳಿಂದ ಸಣ್ಣ ಮಳೆ ಶುರುವಾಗುತ್ತಿತ್ತು. ನಾವು ಮಕ್ಕಳು ಆ ಸದ್ದಿನಲ್ಲೇ ನಿದ್ದೆ ಹೋಗುತ್ತಿದ್ದೆವು. ಬೆಳೆ ಮುಗಿಯುವವರೆಗೆ ಮನೆಯ ಯಜಮಾನಿಕೆ ಹುಳುಗಳದ್ದೇ; ಯಾವ ಘಾಟೂ ಪರಿಮಳವೂ ಅವಕ್ಕೆ ಆಗದು. ಘಾಟು ಬರುವ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಪೌಡರ್ ಬಳಿದುಕೊಂಡ ನೆಂಟರು ಹೊರಗಿನ ಜಗಲಿಯಲ್ಲೇ. ನಮ್ಮ ಹುಟ್ಟುಹಬ್ಬಗಳನ್ನು ಮರೆತ ಅಮ್ಮ, ಹುಳುಗಳ ಒಂದು ಹೊತ್ತಿನ ಮೇವನ್ನೂ ಮರೆತವಳಲ್ಲ. ಆಗ ನಮಗೆ ಹುಳುಗಳ ಮೇಲೆ ಹೊಟ್ಟೆಕಿಚ್ಚಿತ್ತು. ಈಗ ಆ ಕೋಣೆಯ ಮೌನ ಕಂಡರೆ ಸಂಕಟವಾಗುತ್ತದೆ. ಮನುಷ್ಯನನ್ನು ಮೆಚ್ಚಿಸುವುದು ಕಷ್ಟ.

ಶಿಡ್ಲಘಟ್ಟದಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿರುವ ನಾಜ್ನೀನ್ ಎಂಬಾಕೆ ತಳ ಬಿಚ್ಚಿ, ಭೂತಗನ್ನಡಿಯಲ್ಲಿ ನೋಡಿ, ಬೋರ್ಡು ಸುಟ್ಟಿದೆ ಎಂದರು. ನನ್ನ ಮುಖ ನೋಡಿ, ಏನಿತ್ತು ಇದರಲ್ಲಿ ಎಂದು ಕೇಳಿದರು. ಹೇಳಿದೆ. ಆಕೆ ಸ್ಕ್ರೂಡ್ರೈವರ್ ಕೆಳಗಿಟ್ಟರು.

‘ನಮ್ದು ಗೂಡಿಂದ ನೂಲು ಬಿಚ್ಚೋರ ಮನೆ ಸರ್. ಗೂಡು ಮನೆಗೆ ಬಂದ್ಮೇಲಿನ ಕಥೆ ಅಷ್ಟೇ ನಂಗೊತ್ತು. ಅವು ತಿನ್ನೋ ಸದ್ದು ನಾನು ಕೇಳೇ ಇಲ್ಲ. ಬೋರ್ಡು ಹೋದ್ರೆ ಡಿಸ್ಕೂ ಹೋಗ್ಬೇಕು ಅಂತೇನಿಲ್ಲ, ನೋಡಣ.’

ಡಿಸ್ಕನ್ನು ಹೊರತೆಗೆದು ಬೇರೊಂದು ಕಂಪ್ಯೂಟರಿಗೆ ಜೋಡಿಸಿದರು. ಮೊದಲು ಏನೂ ಕಾಣಲಿಲ್ಲ. ಆಕೆ ಕೇಬಲ್ ಬದಲಿಸುವಾಗ ನಾನು ಆಸ್ಪತ್ರೆಯ ವರಾಂಡದಲ್ಲಿ ನಿಲ್ಲುವವರಂತೆ ಬಾಗಿಲಾಚೆ ಹೋಗಿ ನಿಂತೆ. ‘ಬನ್ನಿ ಸರ್, ಬದುಕಿದೆ’ ಎಂದು ಆಕೆ ಕರೆದಾಗ, ಒಳ್ಳೆಯ ಸುದ್ದಿ ಕೊಡುವ ಡಾಕ್ಟರೂ ಇಷ್ಟು ಚಿಕ್ಕದಾಗಿಯೇ ಹೇಳುತ್ತಾರೆ ಎನ್ನಿಸಿತು. ರೆಕಾರ್ಡನ್ನು ನನ್ನ ಫೋನಿಗೆ ಹಾಕಿಕೊಟ್ಟರು; ಆದರೆ ಮೊದಲು ನಿಮ್ಮ ಅಮ್ಮ ಕೇಳಲಿ, ನನಗೆ ಆಮೇಲೆ ಕಳಿಸಿ ಎಂದು ಹೇಳಿ, ಅಂಗಡಿಯಲ್ಲಿ ಅದನ್ನು ಕೇಳಿಸಲು ಬಿಡಲಿಲ್ಲ.

ಮನೆಯಲ್ಲಿ ಅಮ್ಮನನ್ನು ಹುಳುಮನೆಯಲ್ಲೇ ಕೂರಿಸಿ, ಫೋನಿನಲ್ಲಿ ಹಾಕಿದೆ. ನನಗೆ ನೆನಪಿದ್ದದ್ದು ಬರೀ ಮೇಯುವ ಸದ್ದು. ಕೇಳಿಬಂದದ್ದು ಬರೀ ನಾನು. ಹುಳುವಿನ ಜೀವನಚಕ್ರವೇನು, ರೇಷ್ಮೆ ಯಾವ ದೇಶದಿಂದ ಬಂತು, ಪ್ಯೂಪಾ ಎಂದರೇನು ಎಂದು, ತರಗತಿಯಲ್ಲಿ ನಿಂತವನ ದನಿಯಲ್ಲಿ ಹೇಳುತ್ತಲೇ ಇದ್ದೇನೆ. ಸುಜಾತ ಸೆರಗು ಬಾಯಿಗಿಟ್ಟುಕೊಂಡಳು. ಈ ಭಾಷಣಕ್ಕಾಗಿಯೇ ಇಷ್ಟು ದಿನ ಊಟ ಬಿಟ್ಟಿದ್ದೆನೇ ಎಂದು ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಫೋನಿನೊಳಗಿಂದ ಅಮ್ಮನ ಅಂದಿನ ಗಟ್ಟಿ ದನಿ: ‘ಒಸಿ ಸುಮ್ನಿರಪ್ಪ, ಹುಳ ಮೇಯ್ಲಿ.’

ರೆಕಾರ್ಡಿನೊಳಗಿನ ನಾನು ಸುಮ್ಮನಾದೆ. ಮಳೆ ಶುರುವಾಯಿತು. ಅಮ್ಮ ಕಣ್ಣು ಮುಚ್ಚಿ ಕೇಳಿದಳು; ಅವಳ ಬೆರಳುಗಳು ಮಡಿಲಲ್ಲಿ ಇಲ್ಲದ ಸೊಪ್ಪನ್ನು ಹರಡುತ್ತಿದ್ದವು. ಮುಗಿದ ಮೇಲೆ, ಇದರಲ್ಲಿ ನಿನ್ನ ಮಾತನ್ನೆಲ್ಲ ತೆಗೆಯಲು ಬರುವುದಿಲ್ಲವೇ ಎಂದು ಕೇಳಿದಳು.

ಬರುತ್ತದೆ, ಸುಲಭವೇ. ಕತ್ತರಿಸಲೆಂದು ಕೂತೂ ಇದ್ದೆ. ಆದರೆ ನನ್ನ ವಟವಟ ತೆಗೆದರೆ, ಸುಮ್ಮನಿರಪ್ಪ ಎಂದು ಅಮ್ಮ ಹೇಳುವುದಾದರೂ ಯಾರಿಗೆ? ಹಾಗಾಗಿ ಇಡೀ ಪಾಠವನ್ನು ಇದ್ದಂತೆಯೇ ಉಳಿಸಿದ್ದೇನೆ, ಬೈಸಿಕೊಳ್ಳುವುದಕ್ಕಾಗಿ.