ಕಡಲ ದಂಡೆಯಲ್ಲಿ ಕರಡಿಗೆ

"ಮುಂದೆ ಸರಗಳ್ಳರಿದ್ದಾರೆ ಅಮ್ಮಾ, ನಾನು ಪೊಲೀಸ್. ಒಡವೆ ಬಿಚ್ಚಿ ಈ ಕರವಸ್ತ್ರದಲ್ಲಿ ಕಟ್ಟಿಟ್ಟುಕೊಳ್ಳಿ" ಎಂದ ಆ ಖಾಕಿ ಪ್ಯಾಂಟಿನವನು. ಕಡಲ ದಂಡೆಯ ಬಿಸಿಲಿನಲ್ಲಿ ಎಲ್ಲವೂ ತೇಲುವಂತಿತ್ತು. ಹುಮನಾಬಾದಿನಿಂದ ನನ್ನೊಡನೆ ಬಂದಿದ್ದ ಅತ್ತೆ ಮೊದಲ ಸಲ ಸಮುದ್ರ ನೋಡುತ್ತಿದ್ದರು. ನಮ್ಮೂರ ಹತ್ತಿರದ ಹಳ್ಳಿಖೇಡದ ಕಬ್ಬಿನ ಹೊಲವೆಲ್ಲ ಒಟ್ಟಿಗೆ ಗಾಳಿಗೆ ತೂಗಿದಂತೆ ಕಂಡಿತೇನೋ, ಅಲೆಗಳಿಂದ ಕಣ್ಣು ಕೀಳದೆಯೇ ಬಂಗಾರದ ಬಳೆ ಬಿಚ್ಚಿ ಅವನ ಕರವಸ್ತ್ರದಲ್ಲಿಟ್ಟರು. ಮಂಪರು ಕವಿದವಳಂತೆ ನಾನೂ ನನ್ನ ಸರದ ಕೊಂಡಿ ತಡವುತ್ತಿದ್ದೆ.

ಅಷ್ಟರಲ್ಲಿ ಅವನು ಅತ್ತೆಯ ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯತ್ತ ಬೆರಳು ಮಾಡಿ, "ಅದನ್ನೂ" ಎಂದ.

ಅತ್ತೆ ಥಟ್ಟನೆ ಅವನ ಕಡೆ ತಿರುಗಿದರು. "ಮಣ್ಣಾಗ ಇಟ್ಟಾಗೂ ಇದು ನನ್ನ ಮೈಮ್ಯಾಲೇ ಇರ್ತದ. ತೆಗಿ ಅನ್ನಾಕ ನೀ ಯಾಂವ?" ಎನ್ನುತ್ತ ಕರವಸ್ತ್ರದ ಸಮೇತ ಬಳೆ ಕಸಿದುಕೊಂಡರು. ಸುತ್ತಲಿದ್ದವರು ಇತ್ತ ನೋಡುವಷ್ಟರಲ್ಲಿ ಅವನು ಜನರ ನಡುವೆ ಕರಗಿಹೋಗಿದ್ದ.

ದಾರಿಯಲ್ಲಿ ನಿಲ್ಲಿಸಿ ಒಡವೆ ಬಿಚ್ಚಿಸುವವನು ಪೊಲೀಸನಲ್ಲ ಎಂಬುದು ನನಗೆ ಗೊತ್ತೇ ಇತ್ತು. ಆ ಬೆಳಕಿನಲ್ಲಿ ಮರೆತುಹೋಗಿತ್ತು. ಸಮುದ್ರ ಹೇಗಿತ್ತು ಎಂದು ಊರಲ್ಲಿ ಯಾರಾದರೂ ಕೇಳಿದರೆ ಅತ್ತೆ ಈಗಲೂ ಕರಡಿಗೆ ಮುಟ್ಟಿಕೊಂಡೇ ಹೇಳುತ್ತಾರೆ: "ಭಾಳ ಚಂದ ಅದರಿ. ಆದ್ರ ನಿಂತಲ್ಲೇ ನಿದ್ದಿ ಬರಸ್ತದ."