ಊರು ಬಂತೆಂದು ಎಬ್ಬಿಸುತ್ತಿದ್ದ ಚಂಗಲರಾಯಣ್ಣ

ಮೊಣಕಾಲಿನ ಮೇಲೆ ಯಾರಾದರೂ ಎರಡು ಸಲ ತಟ್ಟಿದರೆ ನಾನು ಇವತ್ತಿಗೂ ಚೀಲ ಹಿಡಿದು ಎದ್ದು ನಿಲ್ಲುತ್ತೇನೆ. ಮದುವೆ ಮನೆಯಾಗಲಿ, ಬ್ಯಾಂಕಿನ ಬೆಂಚಾಗಲಿ, ಎದ್ದೇ ಬಿಡುತ್ತೇನೆ. ಈ ಅಭ್ಯಾಸ ಹತ್ತಿಸಿದವರು ಚಂಗಲರಾಯಣ್ಣ. ಸಂಜೆ ಬೆಂಗಳೂರಿನಿಂದ ಮಾರಿಕುಪ್ಪಂಗೆ ಹೊರಡುವ ಗಾಡಿಯಲ್ಲಿ ನಮ್ಮನ್ನು ನಮ್ಮನಮ್ಮ ಊರು ಬಂದಾಗ ಎಬ್ಬಿಸಿ ಇಳಿಸುವ ಕೆಲಸವನ್ನು ಅವರು ತಾವಾಗಿಯೇ ವಹಿಸಿಕೊಂಡಿದ್ದರು. ಹೀಗೆ ಮಾಡಿ ಎಂದು ಯಾರೂ ಕೇಳಿದ್ದಲ್ಲ, ಬೇಡ ಎಂದರೂ ಬಿಡುವವರಲ್ಲ.

ಆಗ ನಾನು ಬೆಂಗಳೂರಿನ ಒಂದು ಟೈಲ್ಸ್ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದೆ, ಮನೆ ಬಂಗಾರಪೇಟೆಯಲ್ಲಿ. ಚಂಗಲರಾಯಣ್ಣ ಒಂದು ಗೋದಾಮಿನ ಸೆಕ್ಯುರಿಟಿ. ಅವರ ಮನೆ ಕೆಜಿಎಫ್‌ನ ಚಾಂಪಿಯನ್ ಸ್ಟೇಷನ್ನಿನ ಹಿಂದೆ. ನೀಲಿ ಯೂನಿಫಾರಂ, ಕಾಲರಿನೊಳಗೆ ಮಡಿಸಿಟ್ಟ ಕರ್ಚೀಫು, ಜೇಬಿನಲ್ಲಿ ಸದಾ ಹುರಿಗಡಲೆ. ಕಿಟಕಿಯ ಪಕ್ಕ ಕೂತು ಊಟದ ಡಬ್ಬಿಯನ್ನು ಸೀಟಿನ ಕೆಳಗೆ ತಳ್ಳಿ, "ನೀವ್ ಮಲಿಕ್ಕಳಿ, ನಾನಿವ್ನಿ" ಎನ್ನುತ್ತಿದ್ದರು. ಅಷ್ಟು ಹೇಳಿದರೆ ಸಾಕು, ವೈಟ್‌ಫೀಲ್ಡ್ ದಾಟುವಷ್ಟರಲ್ಲಿ ನಮ್ಮ ಸಾಲಿನವರೆಲ್ಲ ಗೊರಕೆ.

ಎಬ್ಬಿಸುವಾಗ ಅವರವರ ಭಾಷೆಯಲ್ಲೇ ಎಬ್ಬಿಸುತ್ತಿದ್ದರು. ತೆಲುಗಿನವರಿಗೆ "ಲೇ ನಾಯ್ನಾ, ಊರು ವಚ್ಚಿಂದಿ". ತಮಿಳಿನವರಿಗೆ "ಎಂದಿರಿಮ್ಮಾ, ಊರು ವಂದಿರುಚ್ಚು". ನನಗೆ ಮಾತ್ರ ಬೈಗುಳದ ಸಲಿಗೆ: "ಎದ್ದೇಳ್ಲಾ ಮಂಜ, ಬಂಗಾರಪೇಟೆ ಬಂತು. ನಿನ್ನೆಂಡ್ರು ಸಾರು ಬಿಸಿ ಮಾಡ್ತಾ ಅವ್ಳೆ."

ನೀವು ಯಾಕೆ ಮಲಗುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. ವಯಸ್ಸಿನಲ್ಲಿದ್ದಾಗ ಅವರು ಚಿನ್ನದ ಗಣಿಯಲ್ಲಿ ಕೇಜಿಗೆ ಬೆಲ್ಲು ಹೊಡೆಯುತ್ತಿದ್ದರಂತೆ. ಕೇಜೆಂದರೆ ಜನರನ್ನು ಭೂಮಿಯೊಳಗೆ ಇಳಿಸಿ ಹತ್ತಿಸುವ ಕಬ್ಬಿಣದ ತೊಟ್ಟಿಲು. "ಬೆಲ್ಲು ತಪ್ಪಿದ್ರೆ ಮ್ಯಾಕೆ ಬರ್ಬೇಕಾದೋನು ಕೆಳೀಕೋಗ್ತಾನೆ ಕಣ್ಲಾ. ಅಂಥಾ ಕೆಲ್ಸ ಮಾಡ್ದೋನ್ಗೆ ಕೂತಲ್ಲಿ ನಿದ್ದೆ ಎಲ್ಲಿಂದ ಬತ್ತದೆ?" ಎಂದು ಹುರಿಗಡಲೆ ಬಾಯಿಗೆ ಎಸೆದುಕೊಂಡರು.

ಹಾಗೆಂದು ಅವರು ತಪ್ಪೇ ಮಾಡದವರಲ್ಲ. ಮಾಲೂರಿನ ನಾಗೇಶ ಹೊಸದಾಗಿ ನಮ್ಮ ರೈಲು ಡಬ್ಬಿಗೆ ಬರತೊಡಗಿದಾಗ ಅವನನ್ನು ಮಾಲೂರಿಗೆ ಒಂದು ಸ್ಟೇಷನ್ ಮೊದಲೇ, ದೇವನಗೊಂದಿಯಲ್ಲಿ ಎಬ್ಬಿಸಿ ಇಳಿಸಿಬಿಟ್ಟರು. ನಿದ್ದೆಗಣ್ಣಿನ ಹುಡುಗ ಇಳಿದೂಬಿಟ್ಟ. ಮಾರನೆಯ ದಿನ ತೋಳೇರಿಸಿಕೊಂಡು ಜಗಳಕ್ಕೆ ಬಂದವನ ಕೈಗೆ ಚಂಗಲರಾಯಣ್ಣ ಹುರಿಗಡಲೆ ಸುರಿದು, "ತಪ್ಪಾಯ್ತು ನಾಯ್ನಾ, ಮಲಿಕ್ಕ. ಇವತ್ತು ಸರ್ಯಾಗಿ ಎಬ್ಬಿಸ್ತೀನಿ" ಎಂದರು. ಅವನು ನಿಜಕ್ಕೂ ಮಲಗಿದ. ಆಮೇಲೆ ಅವರ ಎದುರಿನ ಸೀಟು ಬಿಟ್ಟು ಬೇರೆಲ್ಲೂ ಕೂರಲಿಲ್ಲ.

ಒಂದು ಸಂಜೆ ನನಗೆ ಎಚ್ಚರವಾದದ್ದು ತಟ್ಟಿದ್ದರಿಂದಲ್ಲ, ರತ್ನಮ್ಮನ ಕೂಗಿನಿಂದ. ರತ್ನಮ್ಮ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಆಕೆ ಇಳಿಯಬೇಕಾದದ್ದು ತ್ಯಾಕಲ್ಲಿನಲ್ಲಿ. ಗಾಡಿ ನೋಡಿದರೆ ಬಂಗಾರಪೇಟೆಯಲ್ಲಿ ನಿಂತಿತ್ತು. "ನಮ್ಮೂರು ಓಗೇ ಬಿಡ್ತಲ್ಲಣ್ಣ! ಎಬ್ಬಿಸ್ಬಾರ್ದಾ?" ಎನ್ನುತ್ತಾ ಚಂಗಲರಾಯಣ್ಣನ ಮೊಣಕಾಲು ತಟ್ಟಿದಳು. ಅವರು ಕಿಟಕಿಗೆ ತಲೆ ಆನಿಸಿ ಕೂತಿದ್ದರು. ತೊಡೆಯ ಮೇಲಿದ್ದ ಕೈ ಜಾರಿ ಕೆಳಗೆ ಬಿತ್ತು. ರತ್ನಮ್ಮ ಮೂಗಿನ ಹತ್ತಿರ ಬೆರಳು ಹಿಡಿದಳು, ನಾಡಿ ನೋಡಿದಳು, ಎದೆಗೆ ಕಿವಿಯಿಟ್ಟಳು. ಆಮೇಲೆ ನನ್ನನ್ನು ನೋಡಿ ಇಲ್ಲವೆಂದು ತಲೆಯಾಡಿಸಿದಳು.

"ಯಾರ್ಗೂ ಯೋಳ್ಬ್ಯಾಡಿ" ಎಂದಳು ಮೆಲ್ಲಗೆ. "ಯೋಳಿದ್ರೆ ಇಲ್ಲೇ ಇಳಿಸ್ಕೊಂತಾರೆ. ಪೋಲೀಸು, ಕುಯ್ಯೋದು ಎಲ್ಲಾ ಆಯ್ತದೆ. ಅಮರಾವತಕ್ಕ ಬಾಗ್ಲಾಗೆ ಕಾಯ್ತಾ ಕೂತಿರ್ತದೆ. ಮನೇಗ್ ಕರ್ಕೊಂಡೋಗಣ."

ಅಮರಾವತಕ್ಕ ಅವರ ಹೆಂಡತಿ. ಆ ಹೆಸರು ಕೇಳಿದ ಮೇಲೆ ಯಾರೂ ಎರಡು ಮಾತಾಡಲಿಲ್ಲ. ನಾನು ಒಂದು ಕಡೆ, ರತ್ನಮ್ಮ ಒಂದು ಕಡೆ ಕೂತು ಅವರನ್ನು ಹಿಡಿದುಕೊಂಡೆವು. ಸ್ವಲ್ಪ ಸರಿಯಿರಿ ಎಂದವರಿಗೆ "ಮಲಗವ್ರೆ, ಅತ್ಲಾಗ್ ಕೂತ್ಕಳಿ" ಎಂದು ರತ್ನಮ್ಮ ಗದರಿದಳು. ಚಾಂಪಿಯನ್ನಿನಲ್ಲಿ ಇಳಿಸಿ ಆಟೋದಲ್ಲಿ ಮನೆಗೆ ತಂದೆವು. ಕೇಳಿದವರಿಗೆಲ್ಲ, ಬರುವಾಗ ಉಸಿರಿತ್ತು, ಮನೆಗೆ ಬಂದ ಮೇಲೆ ಹೋದರು ಎಂದೆವು. ಮಾರನೆಯ ದಿನ ಮಣ್ಣಾಯಿತು. ಒಳ್ಳೆಯದನ್ನೇ ಮಾಡಿದೆವು ಎಂದುಕೊಂಡಿದ್ದೆವು.

ಗೋಜಲು ಶುರುವಾದದ್ದು ಮರಣ ಪತ್ರ ಕೇಳಲು ನಗರಸಭೆಗೆ ಹೋದಾಗ. ಅದಿಲ್ಲದೆ ವಿಧವಾ ಪಿಂಚಣಿ ಇಲ್ಲ, ಮನೆಯ ಖಾತೆ ಅಮರಾವತಕ್ಕನ ಹೆಸರಿಗೆ ಆಗುವುದಿಲ್ಲ. ಮನೆಯಲ್ಲಿ ಸತ್ತರು ಎಂದು ಅರ್ಜಿ ಹಾಕಿದೆವು. ಯಾವ ಡಾಕ್ಟರು ನೋಡಿದರು ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಸಾಕ್ಷಿಗೆ ಕರೆದುಕೊಂಡು ಹೋದ ಪಕ್ಕದ ಮನೆಯ ಮುದುಕಪ್ಪ ಸುಳ್ಳು ಹೇಳುವ ಜಾತಿಯಲ್ಲ. "ಆಟೋದಿಂದ ಇಳಿಸೋವಾಗ್ಲೇ ಓಗ್ಬುಟ್ಟಿದ್ರು ಸಾಮಿ" ಎಂದುಬಿಟ್ಟ. ಹಾಗಾದರೆ ದಾರಿಯಲ್ಲಿ ಸತ್ತಿದ್ದಾರೆ, ಇಲ್ಲಿ ಬರೆಯಲು ಬರುವುದಿಲ್ಲ ಎಂದರು. ರೈಲಿನಲ್ಲಿ ಎಂದು ಬಾಯಿಬಿಟ್ಟೆವು. ರೈಲಿನವರ ಹತ್ತಿರ ಅಂಥ ವರದಿಯೇ ಇಲ್ಲ. ಇರುವುದಾದರೂ ಹೇಗೆ, ನಾವೇ ಮುಚ್ಚಿಟ್ಟಿದ್ದೆವಲ್ಲ! ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ನಾನು ನನ್ನ ಹೆಂಡತಿಯ ಮೇಲೆ ರೇಗುತ್ತಿದ್ದೆ.

ಅಷ್ಟರಲ್ಲಿ ವರ್ಷ ದಾಟಿತ್ತು. ತಡವಾದದ್ದಕ್ಕೆ ಮೇಲಧಿಕಾರಿ ಸಾಹೇಬರ ಆದೇಶವೇ ಬೇಕಂತೆ. ಕುಂಕುಮವಿಲ್ಲದ ಹಣೆ ಹೊತ್ತು ಅಮರಾವತಕ್ಕ ಕಚೇರಿಯಿಂದ ಕಚೇರಿಗೆ ಅಲೆದಳು. ಕಾಗದದ ಪ್ರಕಾರ ಆಕೆ ಇನ್ನೂ ಮುತ್ತೈದೆ. "ಬದ್ಕಿದ್ರೆ ಮನೇಗಾದ್ರೂ ಬರ್ಲಿ, ಸತ್ತಿದ್ರೆ ಸತ್ತವ್ರೆ ಅಂತ ಬರ್ಕೊಡ್ಲಿ. ನಾನು ಎರಡ್ರಾಗೆ ಯಾವ್ದು ಅಂತ ತಿಳ್ಕಳ್ಳಪ್ಪ?" ಎಂದು ನನ್ನನ್ನೇ ಕೇಳುತ್ತಿದ್ದಳು.

ಕೊನೆಗೆ ಸಾಹೇಬರು ನಮ್ಮನ್ನೆಲ್ಲ ಕರೆಸಿದರು. ಒಳ್ಳೆಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು. "ಓಡೋ ಗಾಡಿಯಲ್ಲಿ ಸತ್ತರೆ, ಆಮೇಲೆ ಗಾಡಿ ಮೊದಲು ಎಲ್ಲಿ ನಿಂತಿತೋ ಆ ಊರಲ್ಲಿ ಬರೆಯಬೇಕು. ಎಲ್ಲಿ ಸತ್ತರು ಹೇಳಿ" ಎಂದರು. ನಾನು ಬಂಗಾರಪೇಟೆ ಎಂದೆ, ನೋಡಿದ್ದು ಅಲ್ಲೇ ಆದ್ದರಿಂದ. ರತ್ನಮ್ಮ ಒಪ್ಪಲಿಲ್ಲ.

"ಇಲ್ಲ ಸಾಮಿ. ತ್ಯಾಕಲ್ಲಾಗೆ ನನ್ನ ಎಬ್ಬಿಸ್ಲಿಲ್ಲ. ಜೀವ ಇದ್ದಿದ್ರೆ ಎಬ್ಬಿಸ್ದೆ ಬಿಡ್ತಿದ್ರಾ ಆವಣ್ಣ? ತ್ಯಾಕಲ್ಗೆ ಮುಂಚೇನೇ ಓಗವ್ರೆ."

ಸಾಹೇಬರು ಪೆನ್ನು ಕೆಳಗಿಟ್ಟು ನಾಗೇಶನ ಕಡೆ ತಿರುಗಿದರು. "ಮಾಲೂರಲ್ಲಿ ನಿನ್ನ ಎಬ್ಬಿಸಿದರೇನಪ್ಪ?"

"ಎಬ್ಬಿಸಿದ್ರು ಸಾರ್" ಎಂದ ನಾಗೇಶ. ಆಮೇಲೆ ತಲೆ ಕೆರೆದುಕೊಂಡ. "ತಟ್ಟಿದಂಗೇ ಐತೆ. ದಿನಾ ತಟ್ತಿದ್ರಲ್ಲ ಸಾರ್, ಅವತ್ತಿಂದೋ ಇನ್ಯಾವತ್ತಿಂದೋ ಎಂಗೇಳ್ಲಿ? ಆದ್ರೆ ಇಳ್ದಿದ್ದು ಮಾಲೂರಾಗೇ. ನನ್ನಷ್ಟಕ್ ನಾನು ಯಾವತ್ತೂ ಎದ್ದೋನಲ್ಲ."

ಮಾಲೂರಿನಲ್ಲಿ ಎಬ್ಬಿಸಿದ್ದಾರೆ, ತ್ಯಾಕಲ್ಲಿನಲ್ಲಿ ಎಬ್ಬಿಸಿಲ್ಲ. ನಡುವೆ ನಮ್ಮ ಗಾಡಿ ನಿಲ್ಲುವುದು ಬ್ಯಾಟರಾಯನಹಳ್ಳಿ ಒಂದರಲ್ಲಿ. ಸಾಹೇಬರು ಅದನ್ನೇ ಬರೆದರು. ಆ ಊರು ಮಾಲೂರು ತಾಲ್ಲೂಕಿನದಾದ್ದರಿಂದ ಕಾಗದ ಅತ್ತ ಹೋಗಿ, ಅಲ್ಲಿಂದ ಕೊನೆಗೂ ಮರಣ ಪತ್ರ ಬಂತು. ಅದು ನಿಜವೇ ಎಂದು ನನ್ನನ್ನು ಕೇಳಬೇಡಿ. ಒಮ್ಮೆ ದೇವನಗೊಂದಿಯನ್ನೇ ಮಾಲೂರು ಅಂದುಕೊಂಡ ಮನುಷ್ಯ, ಅವತ್ತು ತ್ಯಾಕಲ್ಲನ್ನು ಮರೆತಿರಬಾರದೇಕೆ?

ಪತ್ರ ಓದಿ ಹೇಳಿದಾಗ ಅಮರಾವತಕ್ಕ ಕೇಳಿದ್ದು ಒಂದೇ. "ಬ್ಯಾಟರಾಯನಹಳ್ಳೀನಾ? ಆ ಊರಾಗೆ ನಮ್ಗ್ಯಾರವ್ರಪ್ಪ?"

ಯಾರೂ ಇರಲಿಲ್ಲ. ನಮ್ಮ ಸಾಲಿನವರು ಯಾರೂ ಅಲ್ಲಿ ಇಳಿದದ್ದೂ ಇಲ್ಲ. ಆದರೂ ಆ ಜಾಗ ನೋಡಬೇಕು ಎಂದು ಹಟ ಹಿಡಿದಳು. ಒಂದು ಭಾನುವಾರ ಕರೆದುಕೊಂಡು ಹೋದೆ. ಪುಟ್ಟ ಪ್ಲಾಟ್‌ಫಾರಂ, ಕಲ್ಲು ಬೆಂಚು, ಹಳಿಯ ಆಚೆ ಮೇಯುವ ಮೇಕೆಗಳು. ಸೆರಗಿನಲ್ಲಿ ಕಟ್ಟಿ ತಂದಿದ್ದ ಹುರಿಗಡಲೆಯನ್ನು ಆಕೆ ಬೆಂಚಿನ ತುದಿಯಲ್ಲಿ ಇಟ್ಟಳು. ಇಲ್ಲಿ ನಿಜಕ್ಕೂ ಏನಾದರೂ ನಡೆದಿತ್ತೋ ಇಲ್ಲವೋ ತಿಳಿಯದೆ, ಕೈ ಮುಗಿಯಬೇಕೋ ಬೇಡವೋ ತಿಳಿಯದೆ, ನಾನು ಚಪ್ಪಲಿ ಮಾತ್ರ ಬಿಟ್ಟು ನಿಂತೆ.

ಸೆರಗು ಕೊಡವಿಕೊಂಡು ಆಕೆ ಕೇಳಿದಳು. "ಅವ್ರು ಓಗೋವಾಗ ಆ ಡಬ್ಬೀನಾಗೆ ಒಬ್ರಾದ್ರೂ ಎಚ್ರವಾಗಿರ್ಲಿಲ್ವೇನಪ್ಪ?"

"ಅವರೇ ಎಚ್ಚರ ಇದ್ರಲ್ಲಕ್ಕ" ಎಂದೆ. ಬಾಯಿಗೆ ಬಂದದ್ದು ಅದೇ.