ಮೇಸ್ತ್ರಿ ಒಣಗಿಸಿದ ಗೋಡೆ

ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ಸುಣ್ಣಕ್ಕೆ ಸಿಕ್ಕಿ ಅರ್ಧ ಸವೆದಿತ್ತು. ಆ ಉಗುರಿನಿಂದಲೇ ನಮ್ಮ ಹಳೇ ಕಚೇರಿಯ ಗೋಡೆ ಕೆರೆದು, ಉದುರಿದ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡರು. ನನಗೆ ನಗು ಬಂದಿತ್ತು.

ಶಿವಮೊಗ್ಗದ ದುರ್ಗಿಗುಡಿ ಕಡೆಯವರಿಗೆ ಆ ಕಟ್ಟಡವೇ ದಿಕ್ಕು. ಆಟೋದವರು "ಹಳೇ ಕಚೇರಿ ಹಿಂದೆನಾ, ಮುಂದೆನಾ?" ಎಂದು ಕೇಳಿಯೇ ಗಾಡಿ ತೆಗೆಯುತ್ತಾರೆ. ಹುಟ್ಟು, ಸಾವು ಎರಡನ್ನೂ ಊರಿನವರು ಬರೆಸುವುದು ಅಲ್ಲಿಯೇ. ಅಂಥದ್ದನ್ನು ಕೆಡವಬಹುದು ಎಂದು ವರದಿ ಬರೆದವಳು ನಾನು, ಪಾಲಿಕೆಯ ಇಂಜಿನಿಯರ್. ದಾಖಲೆ ಕೋಣೆಯ ಗೋಡೆ ಸದಾ ಒದ್ದೆ. ಗಾರೆ ಹಪ್ಪಳದ ಹಾಗೆ ಎದ್ದಿತ್ತು. ಕೆಡವುವ ಮೊದಲು ತೇಗದ ಬಾಗಿಲುಗಳನ್ನು ಜೋಪಾನವಾಗಿ ಬಿಚ್ಚಲೆಂದು ಭದ್ರಾವತಿಯಿಂದ ಈ ಮೇಸ್ತ್ರಿಯನ್ನು ಕರೆಸಿದ್ದೆವು. ಅವರು ಬಾಗಿಲು ಮುಟ್ಟಲೇ ಇಲ್ಲ.

"ಗೋಡೆಗೆ ಏನೂ ಆಗಿಲ್ಲ ಮೇಡಮ್. ಸುಣ್ಣದ ಗೋಡೆ ಮೇಲೆ ಯಾರೋ ಸಿಮೆಂಟ್ ಬಳ್ದಿದಾರೆ. ನೀರು ಹೊರಗೆ ಬರಕ್ಕೆ ದಾರಿ ಇಲ್ಲ, ಪಾಪ."

"ನೀವೇನು ಇಂಜಿನಿಯರಾ?" ಎಂದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಅಲ್ಲ. ಅದಕ್ಕೇ ಮುಟ್ಟಿ ನೋಡ್ತೀನಿ," ಎಂದು ನಕ್ಕರು. "ಈ ಒಂದು ಕೋಣೆ, ಒಂದು ಮಳೆಗಾಲ ಕೊಡಿ. ಆಮೇಲೂ ಒದ್ದೆ ಇದ್ರೆ ಮೊದಲ್ನೇ ಹಾರೆ ನಾನೇ ಹಾಕ್ತೀನಿ."

ಕೊಟ್ಟೆ, ಅವರು ಸೋಲುತ್ತಾರೆ ಎಂಬ ಧೈರ್ಯದಲ್ಲಿ. ಸಿಮೆಂಟನ್ನೆಲ್ಲ ಕೆತ್ತಿ ತೆಗೆಸಿದರು. ಸುಣ್ಣವನ್ನು ಗುಂಡಿಯಲ್ಲಿ ವಾರಗಟ್ಟಲೆ ನೆನೆಸಿ, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸಿ ಅರೆಸಿದರು. ಆಳುಗಳು ಅವಸರ ಮಾಡಿದರೆ ಒಂದೇ ಮಾತು: "ಸುಣ್ಣ ನೆನೀಬೇಕು, ನಾವು ಕಾಯ್ಬೇಕು ಮಾರಾಯ." ಸಿಟ್ಟು ಬಂದರೆ ತಮಿಳಿನಲ್ಲಿ ಗೋಡೆಗೇ ಗದರುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಒಗೆದ ಬಿಳಿ ಅಂಗಿ ತೊಟ್ಟು ಬಂದರು. ಗೋಡೆಗೆ ಬೆನ್ನು ಕೊಟ್ಟು ಕೂತು, ನಿಧಾನಕ್ಕೆ ಒಂದು ಟೀ ಕುಡಿದು ಏಳುವುದು ಅವರ ಪರೀಕ್ಷೆ.

"ನೀವೂ ಕೂತ್ಕೊಳ್ಳಿ ಮೇಡಮ್. ಕಣ್ಣು ಮೋಸ ಹೋಗುತ್ತೆ, ಬೆನ್ನು ಹೋಗಲ್ಲ."

ಟೀ ಮುಗಿಸಿ ಎದ್ದಾಗ ಇಬ್ಬರ ಬೆನ್ನಿಗೂ ತೇವದ ಸುಳಿವಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಿತ್ತು ನನ್ನ ವರದಿ. ಮರುದಿನ ಮೇಲಧಿಕಾರಿಗಳ ಮುಂದೆ ನಿಂತು, ತಪ್ಪು ನನ್ನದೆಂದು ಬರೆದುಕೊಟ್ಟೆ. ಕಟ್ಟಡ ಉಳಿಯಿತು. ಮಿಕ್ಕ ಕೋಣೆಗಳನ್ನೂ ಅವರೇ ಮುಗಿಸಿದರು. ಅಂದಿನಿಂದ ಮುಟ್ಟಿ ನೋಡದೆ ನಾನು ಯಾವ ಗೋಡೆಯ ಬಗ್ಗೆಯೂ ಬರೆದಿಲ್ಲ.

ಈ ವರ್ಷ ಆಷಾಢದಲ್ಲಿ ಅವರು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಮರಣಪತ್ರಕ್ಕೆ ಅವರ ಹೆಂಡತಿ ನಮ್ಮ ಕಚೇರಿಗೇ ಬರಬೇಕಾಯಿತು. ದಾಖಲೆ ಕೋಣೆಯ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದರು. ಹೊರಗೆ ಜೋರು ಮಳೆ.

"ಇದೇನಾ ಮೇಡಮ್, ಅವ್ರು ಮಾಡಿದ್ ಗೋಡೆ?"

"ಇದೇ ಅಮ್ಮ. ಒರಗಿ ಕೂತ್ಕೊಳ್ಳಿ."

ಅವರು ಒರಗಿ ಕಣ್ಣು ಮುಚ್ಚಿದರು. ಪತ್ರ ಸಿದ್ಧವಾಗುವವರೆಗೂ ಹಾಗೆಯೇ ಇದ್ದರು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಿನ ಕಡೆ ತಿರುಗಿದಾಗ ನಾನು ಅವರ ಬೆನ್ನು ನೋಡಿದೆ. ಸೀರೆ ಎಲ್ಲೂ ಒದ್ದೆಯಾಗಿರಲಿಲ್ಲ.